ಒಣ ಕಸ ಯಾರ ಕೈಗೆ? ಗುಜರಿ, ಪಾಲಿಕೆ ಗಾಡಿ, ಗುತ್ತಿಗೆ ಸಂಸ್ಥೆ: ಅಪಾರ್ಟ್‌ಮೆಂಟ್ ಸಂಘಗಳಿಗೊಂದು ಲೆಕ್ಕ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಒಣ ಕಸದ ವಿಷಯ ಬಂತೆಂದರೆ ಎರಡು ಗುಂಪಾಗುತ್ತದೆ. "ಕಸ ಒಯ್ಯೋಕೆ ನಾವೇ ಯಾಕೆ ದುಡ್ಡು ಕೊಡಬೇಕು? ಗುಜರಿಯವರು ನಮಗೇ ಕೊಡ್ತಾರಲ್ಲ" ಎನ್ನುವವರು ಒಂದು ಕಡೆ. "ಗುಜರಿಯವರು ಬಿಟ್ಟುಹೋಗಿದ್ದು ಬೇಸ್‌ಮೆಂಟಲ್ಲಿ ಬಿದ್ದಿದೆ, ಅದನ್ನ ಯಾರು ಎತ್ತಬೇಕು?" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರೂ ಒಂದೇ ಚೀಲದ ಅರ್ಧರ್ಧ ಲೆಕ್ಕ ಹೇಳುತ್ತಿದ್ದಾರೆ.

ಇಷ್ಟೊಂದು ಆಯ್ಕೆಗಳು ಮೊದಲು ಇರಲಿಲ್ಲ. ಊರಿನ ಮಿಶ್ರ ಕಸವೆಲ್ಲ ಮಾವಳ್ಳಿಪುರಕ್ಕೋ ಮಂಡೂರಿಗೋ ಹೋಗಿ ಬೀಳುತ್ತಿತ್ತು. ಹಳ್ಳಿಯವರ ಪ್ರತಿಭಟನೆಯಿಂದ 2012ರಲ್ಲಿ ಮಾವಳ್ಳಿಪುರ ನಿಂತಿತು, 2014ರ ಕೊನೆಗೆ ಮಂಡೂರು ನಿಂತಿತು. ಮೂಲದಲ್ಲೇ ಕಸ ಬೇರ್ಪಡಿಸಬೇಕೆಂದು ಹೈಕೋರ್ಟ್ 2012ರಲ್ಲಿ ಹೇಳಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಇತ್ಯಾದಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಎಂಬ ಕ್ರಮ 2015ರ ಡಿಸೆಂಬರ್ ಆದೇಶದಿಂದ ಬಂತು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳು ಎದ್ದವು. ಹಸಿರು ದಳದಂಥ ಸಂಘಟನೆಗಳ ಮೂಲಕ ಚಿಂದಿ ಆಯುತ್ತಿದ್ದವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಅವರಲ್ಲಿ ಕೆಲವರು ಆ ಕೇಂದ್ರಗಳನ್ನೇ ನಡೆಸುವವರಾದರು. ಗುಜರಿ ಅಂಗಡಿಯಿಂದ ಜಾಲಿ ಮೊಹಲ್ಲಾ, ನಾಯಂಡಹಳ್ಳಿಯ ಸಗಟು ಗುಜರಿ ವ್ಯಾಪಾರಿಗಳವರೆಗೆ ಮೊದಲಿನಿಂದಲೂ ನಡೆದುಬಂದ ವ್ಯಾಪಾರಕ್ಕೆ ಹೀಗೆ ಹೊಸ ಕವಲುಗಳು ಸೇರಿಕೊಂಡವು. ಈಗ ಸಂಘದವರ ಮುಂದಿರುವುದು ಈ ಕವಲುಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬ ಪ್ರಶ್ನೆ.

ಅಳೆಯುವುದು ಯಾವುದರಿಂದ?

ಬಹಳಷ್ಟು ಸಂಘಗಳು ಮೊದಲು ಕೇಳುವುದು "ಕೆ.ಜಿ.ಗೆ ಎಷ್ಟು ಕೊಡ್ತೀರಿ?" ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು "ಚೀಲದಲ್ಲಿ ಇರುವುದನ್ನೆಲ್ಲ ಒಯ್ಯುತ್ತೀರೋ, ಆರಿಸಿಕೊಂಡು ಉಳಿದದ್ದನ್ನು ಬಿಡುತ್ತೀರೋ?" ಎಂದು. ಒಣ ಕಸದಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಕಾಳಿಗೆ ಗಿರಾಕಿ ಎಲ್ಲ ಕಡೆ ಸಿಗುತ್ತಾರೆ. ಜೊಳ್ಳನ್ನು ಯಾರು ಎತ್ತುತ್ತಾರೆ ಎಂಬುದೇ ನಿಜವಾದ ಖರ್ಚು.

ಎರಡನೆಯದು ನಿಯಮಿತತೆ. ಹೇಳಿದ ದಿನ ಗಾಡಿ ಬರದಿದ್ದರೆ ಮೂರನೇ ದಿನಕ್ಕೆ ಕಸದ ಕೋಣೆಯಲ್ಲಿ ಇಲಿ ಬರುತ್ತದೆ, ಒಂದು ವಾರಕ್ಕೆ ನಿವಾಸಿಗಳು ಬೇರ್ಪಡಿಸುವುದನ್ನೇ ಬಿಡುತ್ತಾರೆ. ಬಿಟ್ಟ ಅಭ್ಯಾಸವನ್ನು ಮತ್ತೆ ಹಿಡಿಸುವುದು ಹೊಸದಾಗಿ ಶುರು ಮಾಡುವುದಕ್ಕಿಂತ ಕಷ್ಟ. ಮೂರನೆಯದು ಕಾಗದ ಪತ್ರ. ಘನತ್ಯಾಜ್ಯ ನಿಯಮಗಳ ಪ್ರಕಾರ ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸ ಬರುವ ಜಾಗ ಸಗಟು ಉತ್ಪಾದಕ ಎನಿಸಿಕೊಳ್ಳುತ್ತದೆ. ಹಸಿ ಕಸವೂ ಸೇರಿ ಲೆಕ್ಕ ಹಿಡಿದರೆ ದೊಡ್ಡ ಅಪಾರ್ಟ್‌ಮೆಂಟುಗಳು ಸುಲಭವಾಗಿ ಈ ಗೆರೆ ದಾಟುತ್ತವೆ. ಅಂಥವರಿಗೆ ಕಸ ಎಲ್ಲಿಗೆ ಹೋಯಿತೆಂದು ತೋರಿಸುವ ದಾಖಲೆ ಬೇಕು. ಕೊನೆಯದು ನಿಮ್ಮ ಕಡೆಯ ಜಾಗ ಮತ್ತು ಕೈಕೆಲಸ. ಆರು ಬಗೆಯಾಗಿ ವಿಂಗಡಿಸಿ ಕೊಟ್ಟರೆ ಹೆಚ್ಚು ದರ ಸಿಗುವುದೇನೋ ನಿಜ, ವಿಂಗಡಿಸುವವರ ಸಂಬಳವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮಾತ್ರ.

ಚೀಲದೊಳಗೆ ಏನಿದೆ?

ಬೆಲೆ ಎಲ್ಲಿದೆ ಎಂದು ಗೊತ್ತಿಲ್ಲದೆ ಹೋಲಿಕೆ ಸಾಧ್ಯವಿಲ್ಲ. ಲೋಹಕ್ಕೆ ಯಾವತ್ತೂ ಬೆಲೆ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಲು ಸುಮಾರು ಶೇ. 5ರಷ್ಟು ವಿದ್ಯುತ್ ಸಾಕು. ಆದ್ದರಿಂದಲೇ ತಂಪು ಪಾನೀಯದ ಖಾಲಿ ಡಬ್ಬ ರಸ್ತೆಯಲ್ಲಿ ಹೆಚ್ಚು ಹೊತ್ತು ಬಿದ್ದಿರುವುದಿಲ್ಲ. ಹಳೇ ಪೇಪರ್, ರಟ್ಟಿನ ಪೆಟ್ಟಿಗೆಗೆ ಮಧ್ಯಮ ಬೆಲೆ, ಒಣಗಿದ್ದರೆ ಮಾತ್ರ. ರಟ್ಟು ನೀರು ಹೀರಿದರೆ ವ್ಯಾಪಾರಿ ತೂಕದಲ್ಲಿ ಕಳೆಯುತ್ತಾನೆ, ಹೆಚ್ಚು ನೆಂದಿದ್ದರೆ ಮುಟ್ಟುವುದೇ ಇಲ್ಲ. ಎಣ್ಣೆ ಹಿಡಿದ ಪಿಜ್ಜಾ ಡಬ್ಬವೂ ಹಾಗೆಯೇ: ಕಾಗದದ ತಿರುಳು ಮಾಡುವಾಗ ಎಣ್ಣೆ ನೀರಿನಲ್ಲಿ ಬಿಡುವುದಿಲ್ಲ. ಜಿಡ್ಡಾದ ಭಾಗವನ್ನು ಹರಿದು ಹಸಿ ಕಸಕ್ಕೆ ಹಾಕಿ, ಮುಚ್ಚಳದ ಭಾಗವನ್ನು ಮಾತ್ರ ಇಲ್ಲಿಗೆ ಹಾಕಿ.

ಪ್ಲಾಸ್ಟಿಕ್‌ನಲ್ಲಿ ತಳದ ತ್ರಿಕೋನದೊಳಗಿನ ಅಂಕಿ ನೋಡಬೇಕು. 1 ಇದ್ದರೆ ನೀರಿನ ಬಾಟಲಿಯ ಪೆಟ್, 2 ಇದ್ದರೆ ಶಾಂಪೂ, ಫಿನಾಯಿಲ್ ಬಾಟಲಿಗಳ ಗಟ್ಟಿ ಪ್ಲಾಸ್ಟಿಕ್, 5 ಇದ್ದರೆ ಪಾರ್ಸೆಲ್ ಡಬ್ಬ. ಈ ಮೂರಕ್ಕೂ ಗಿರಾಕಿ ಇದ್ದಾರೆ. 3, ಅಂದರೆ ಪಿವಿಸಿ, ಪೆಟ್ ಜೊತೆ ಸೇರಿದರೆ ಕಷ್ಟ. ತೊಳೆಯುವ ತೊಟ್ಟಿಯಲ್ಲಿ ಬಾಟಲಿಯ ಮುಚ್ಚಳ ತೇಲಿ ಬೇರೆಯಾಗುತ್ತದೆ, ಪಿವಿಸಿ ಮಾತ್ರ ಪೆಟ್ ಜೊತೆಗೇ ಮುಳುಗುತ್ತದೆ, ಕರಗಿಸುವ ಶಾಖಕ್ಕೆ ಸುಟ್ಟು ಇಡೀ ಘಾಣವನ್ನು ಕೆಡಿಸುತ್ತದೆ. ಹಾಲಿನ ಕವರ್ ಒಳ್ಳೆಯ ಮಾಲು, ತೊಳೆದು ಒಣಗಿಸಿರಬೇಕಷ್ಟೆ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಬೇರೆ ಮಾಡದೆ ಕವರಿಗೇ ಅಂಟಿಕೊಂಡಿರಲು ಬಿಡಿ. ಬೇರೆಯಾದ ತುಣುಕನ್ನು ಯಾವ ಕೇಂದ್ರದಲ್ಲೂ ಯಾರೂ ಆಯುವುದಿಲ್ಲ.

ಇನ್ನು ಜೊಳ್ಳು. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪ್ಯಾಕೆಟ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರಗಳು ಅಂಟಿಕೊಂಡಿರುತ್ತವೆ. ಬಿಡಿಸಲು ಲಾಭದಾಯಕ ದಾರಿಯಿಲ್ಲ. ಇಂಥವು ಬಹುಪಾಲು ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಇಂಧನವಾಗಿ ಹೋಗುತ್ತವೆ, ಕಳಿಸುವ ಸಾಗಣೆ ಖರ್ಚೇ ಮಾಲಿನ ಬೆಲೆಗಿಂತ ಹೆಚ್ಚು. ಥರ್ಮಾಕೋಲ್ ಬಹುತೇಕ ಗಾಳಿ, ಲಾರಿ ತುಂಬಿದರೂ ತೂಕ ಬರುವುದಿಲ್ಲ. ಗಾಜು ಇದಕ್ಕೆ ತದ್ವಿರುದ್ಧ: ಭಾರ ಬಹಳ, ಬೆಲೆ ಕಡಿಮೆ, ಒಡೆದರೆ ಕೈ ಕೊಯ್ಯುತ್ತದೆ. ಒಳಗೆ ಪ್ಲಾಸ್ಟಿಕ್ ಲೇಪನವಿರುವ ಕಾಗದದ ಲೋಟವೂ ಈ ಗುಂಪಿನದೇ, ಕಾಗದವೆಂದು ನಂಬಿ ಪೇಪರ್ ಕಟ್ಟಿನಲ್ಲಿ ತುರುಕಬೇಡಿ.

ಗುಜರಿ ಅಂಗಡಿ

ಇದರ ಬಗ್ಗೆ ಮೂಗು ಮುರಿಯುವವರು ಹೆಚ್ಚು, ಅನ್ಯಾಯವಾಗಿ. ಪುನರ್ಬಳಕೆ ಎಂಬುದು ಸರ್ಕಾರಿ ಕಾರ್ಯಕ್ರಮವಾಗುವ ಎಷ್ಟೋ ದಶಕ ಮೊದಲೇ ಊರಿನ ಕಾಗದ, ಕಬ್ಬಿಣವನ್ನು ಗಿರಣಿಗೆ ಮುಟ್ಟಿಸಿದವರು ಇವರೇ. ಸ್ಥಳದಲ್ಲೇ ನಗದು. ಹಳೇ ಕುಕ್ಕರ್ ಒಂದಿದ್ದರೂ ಬಂದು ಒಯ್ಯುತ್ತಾರೆ.

ಮಿತಿಯೂ ಸ್ಪಷ್ಟ: ಅವರು ಒಯ್ಯುವುದು ಕಾಳನ್ನು ಮಾತ್ರ. ಅಂಗಡಿಯ ಜಾಗ ಚಿಕ್ಕದು, ಮಾರಾಟವಾಗದ ವಸ್ತು ಅಲ್ಲಿ ಒಂದು ದಿನ ಕೂತರೂ ನಷ್ಟ. ಚಿಪ್ಸ್ ಪ್ಯಾಕೆಟ್ ಅನ್ನು ಗುಜರಿಯವರು "ಕೊಡಿ, ನಾವು ನೋಡ್ಕೋತೀವಿ" ಎಂದರೆ ಅದು ಯಾವುದೋ ಖಾಲಿ ಸೈಟಿನಲ್ಲಿ ಜನ ಕಸ ಸುರಿಯುವ ಬ್ಲ್ಯಾಕ್ ಸ್ಪಾಟ್‌ನಲ್ಲಿ ಬೀಳುವ ಸಾಧ್ಯತೆ ಹೆಚ್ಚು. ಅವರಿಗೆ ಕೊಡದಿರುವುದೇ ಇಬ್ಬರಿಗೂ ಒಳ್ಳೆಯದು.

ಮೋಸ ನಡೆಯುವುದಾದರೆ ತೂಕದಲ್ಲಿ. ಕೈಯಲ್ಲಿ ಹಿಡಿಯುವ ಸ್ಪ್ರಿಂಗ್ ತಕ್ಕಡಿ ಬೇಡ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಡಿಜಿಟಲ್ ತಕ್ಕಡಿ ಕೇಳಿ. ಸಂದೇಹ ಬಂದರೆ ಸೀಲ್ ಮಾಡಿದ 20 ಲೀಟರ್ ನೀರಿನ ಕ್ಯಾನ್ ಇಟ್ಟು ನೋಡಿ: ನೀರೇ 20 ಕೆ.ಜಿ., ಮೇಲೆ ಕ್ಯಾನಿನ ತೂಕ. 20ಕ್ಕಿಂತ ಕಡಿಮೆ ತೋರಿಸಿದರೆ ಆ ತಕ್ಕಡಿಯಲ್ಲಿ ವ್ಯಾಪಾರ ಬೇಡ. ಸಂಘವೇ ಒಂದು ತಕ್ಕಡಿ ಕೊಂಡರೆ ಈ ಜಗಳವೇ ಇರುವುದಿಲ್ಲ, ಮುಂದೆ ಯಾವ ಆಯ್ಕೆ ಹಿಡಿದರೂ ಅದು ಬೇಕಾಗುತ್ತದೆ.

ಪಾಲಿಕೆಯ ಗಾಡಿ, ವಾರ್ಡಿನ ಕೇಂದ್ರ

ಬಿಡಿ ಮನೆಗಳಿಗೆ, ಹತ್ತು ಹದಿನೈದು ಮನೆಗಳ ಕಟ್ಟಡಕ್ಕೆ ಇದೇ ಸಹಜ ದಾರಿ. ಉಚಿತ ಎಂದು ಮಾತ್ರ ಹೇಳುವಂತಿಲ್ಲ: 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಬಳಕೆದಾರ ಶುಲ್ಕ ಸೇರಿದೆ, ವಾಸದ ಕಟ್ಟಡಕ್ಕೆ ವಿಸ್ತೀರ್ಣ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿ. ಹೇಗೂ ಕಟ್ಟುತ್ತಿರುವ ಹಣ, ಸೇವೆಯನ್ನು ಕೇಳಿ ಪಡೆಯಿರಿ.

ಕೇಂದ್ರದಿಂದ ಕೇಂದ್ರಕ್ಕೆ ಅಜಗಜಾಂತರ. ಒಮ್ಮೆ ಹೋಗಿ ನೋಡಿ ಬನ್ನಿ, ಅರ್ಧ ಗಂಟೆಯ ಕೆಲಸ. ವಿಂಗಡಿಸುವ ಮೇಜು ಇದೆಯೇ, ಕಟ್ಟು ಕಟ್ಟುವ ಬೇಲಿಂಗ್ ಯಂತ್ರ ಓಡುತ್ತಿದೆಯೇ, ಬೇಲ್‌ಗಳು ಬಗೆಬಗೆಯಾಗಿ ಬೇರೆ ಬೇರೆ ಇವೆಯೇ? ಮೂಲೆಯಲ್ಲಿ ಮಳೆಗೆ ನೆನೆದ ಮಿಶ್ರ ರಾಶಿ ಬಿದ್ದಿದ್ದರೆ ಅಲ್ಲಿಗೆ ಕೊಟ್ಟ ನಿಮ್ಮ ಚೀಲದ ಗತಿಯೂ ಅದೇ.

ಇನ್ನೊಂದು ವಿಷಯವನ್ನು ಸಂಘಗಳು ಗಮನಿಸುವುದಿಲ್ಲ. ಪೇಪರ್, ರಟ್ಟು, ಕಬ್ಬಿಣವನ್ನೆಲ್ಲ ಗುಜರಿಗೆ ಮಾರಿ ಬರೀ ಚಿಪ್ಸ್ ಪ್ಯಾಕೆಟ್ಟು, ಥರ್ಮಾಕೋಲು, ಒಡೆದ ಗಾಜನ್ನು ವಾರ್ಡ್ ಕೇಂದ್ರಕ್ಕೆ ಕಳಿಸಿದರೆ ಅದು ನಡೆಯುವುದು ಹೇಗೆ? ಕೇಂದ್ರ ನಡೆಸುವವರ ಆದಾಯ ಬಹಳಮಟ್ಟಿಗೆ ಮಾಲು ಮಾರುವುದನ್ನೇ ನೆಚ್ಚಿಕೊಂಡಿದೆ. ಕಾಳಿಲ್ಲದ ಚೀಲ ಬಂದಷ್ಟೂ ಅವರ ಕೂಲಿಗೆ ಕತ್ತರಿ. ಎರಡು ತಿಂಗಳಲ್ಲಿ ಗಾಡಿ ನಿಮ್ಮ ಗೇಟಿನ ಮುಂದೆ ನಿಲ್ಲುವುದನ್ನು ಬಿಟ್ಟರೆ ಆಶ್ಚರ್ಯವೇನಿಲ್ಲ.

ಗುತ್ತಿಗೆ ಸಂಸ್ಥೆ

ಕಸ ಒಯ್ಯಲು ಖಾಸಗಿ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಳ್ಳುವುದು. ಐವತ್ತು ಮನೆಗಿಂತ ದೊಡ್ಡ ಕಟ್ಟಡಗಳಲ್ಲಿ ಈ ಆಯ್ಕೆಯೇ ಹೆಚ್ಚು ಚರ್ಚೆಗೆ ಬರುವುದು, ಎಷ್ಟೋ ಸಲ ದುಡ್ಡು ಕೈಯಿಂದ ಹೋಗುತ್ತದಲ್ಲ! ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಷ್ಟೆ, ದರ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ನಿಮ್ಮಲ್ಲಿ ಸಿಗುವ ದರ ಹಾಕಿಕೊಳ್ಳಿ.

120 ಮನೆ, ತಿಂಗಳಿಗೆ 1,000 ಕೆ.ಜಿ. ಒಣ ಕಸ ಎಂದಿಟ್ಟುಕೊಳ್ಳಿ. ಅದರಲ್ಲಿ ಹಳೇ ಪೇಪರ್ 200, ರಟ್ಟು 250, ಗಟ್ಟಿ ಪ್ಲಾಸ್ಟಿಕ್ 120, ಹಾಲಿನ ಕವರ್ 40, ಲೋಹ 30 ಕೆ.ಜಿ. ಕೆ.ಜಿ.ಗೆ ಕ್ರಮವಾಗಿ 12, 7, 10, 10, 30 ರೂಪಾಯಿಯಂತೆ ಗುಜರಿಯಿಂದ 6,650 ರೂಪಾಯಿ ಬಂತು. ಸಭೆಯಲ್ಲಿ ಹೇಳಲು ಚೆಂದದ ಅಂಕಿ. ಉಳಿದದ್ದು 110 ಕೆ.ಜಿ. ಗಾಜು, 250 ಕೆ.ಜಿ. ಜೊಳ್ಳು. ಇವೆರಡನ್ನೂ ಒಯ್ಯಲು ಬೇರೊಬ್ಬರು ಕೆ.ಜಿ.ಗೆ 6 ರೂಪಾಯಿ ಕೇಳಿದರೆ 2,160 ಹೋಯಿತು. ಉಳಿಕೆ 4,490. ಇದೇ ಇಡೀ 1,000 ಕೆ.ಜಿ.ಯನ್ನು ಗುತ್ತಿಗೆ ಸಂಸ್ಥೆಯೊಂದು ಕೆ.ಜಿ.ಗೆ 3 ರೂಪಾಯಿ ಕೊಟ್ಟು ಒಯ್ದರೆ ಸಂಘಕ್ಕೆ 3,000. ವ್ಯತ್ಯಾಸ 1,490, ಅಂದರೆ ಮನೆಗೆ ತಿಂಗಳಿಗೆ ಹನ್ನೆರಡು ರೂಪಾಯಿಯಷ್ಟು. ಆರು ಬಗೆಯಾಗಿ ವಿಂಗಡಿಸುವ ಕೆಲಸಕ್ಕೆ ಹೌಸ್‌ಕೀಪಿಂಗ್‌ನವರಿಗೆ ದಿನಕ್ಕೆ ಒಂದು ಗಂಟೆಯ ಕೂಲಿ ಕೊಟ್ಟರೂ ಆ ಹಣ ಸಾಲದು.

ಎಲ್ಲ ಸಂಸ್ಥೆಗಳೂ ದುಡ್ಡು ಕೊಡುವುದಿಲ್ಲ. ಹಸಿ ಕಸ, ಒಣ ಕಸ, ಸ್ಯಾನಿಟರಿ ಮೂರನ್ನೂ ಒಯ್ಯುವವರು ಮನೆಗಿಷ್ಟೆಂದು ಶುಲ್ಕ ಹಾಕಿ, ಒಣ ಕಸದ ಆದಾಯವನ್ನು ಅದರಲ್ಲೇ ಹೊಂದಿಸಿಕೊಳ್ಳುತ್ತಾರೆ. ಹಾಗಿದ್ದಾಗ ಎರಡು ಅಂಕಿಯನ್ನು ಬೇರೆ ಬೇರೆ ಬರೆಸಿಕೊಳ್ಳಿ: ಒಯ್ಯುವುದಕ್ಕೆ ಎಷ್ಟು, ಮಾಲಿಗೆ ಎಷ್ಟು ಕಳೆದಿದ್ದಾರೆ. ಒಟ್ಟು ಒಂದೇ ಅಂಕಿ ಒಪ್ಪಿಕೊಂಡರೆ ಪೇಪರ್ ದರ ಏರಿದಾಗ ಲಾಭ ಅವರಿಗೆ, ಇಳಿದಾಗ ಶುಲ್ಕದ ಏರಿಕೆ ನಿಮಗೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನೋಡಬೇಕಾದ್ದು ಹಲವು. ಪಾಲಿಕೆಯ ನೋಂದಾಯಿತ ಪಟ್ಟಿಯಲ್ಲಿ ಇದ್ದಾರೆಯೇ? ಬಗೆವಾರು ತೂಕದ ಚೀಟಿ ಪ್ರತಿ ಸಲ, ಒಟ್ಟು ವರದಿ ತಿಂಗಳಿಗೊಮ್ಮೆ ಕೊಡುತ್ತಾರೆಯೇ? ಗಾಡಿ ತಪ್ಪಿಸಿದರೆ ಎಷ್ಟು ಗಂಟೆಯೊಳಗೆ ಬದಲಿ ವ್ಯವಸ್ಥೆ, ತಪ್ಪಿದ ದಿನಕ್ಕೆ ಎಷ್ಟು ಕಡಿತ? ಒಣ ಕಸದಲ್ಲಿ ಶೇಕಡಾ ಎಷ್ಟರವರೆಗೆ ಹಸಿ ಸೇರಿದ್ದರೆ ಒಯ್ಯುತ್ತಾರೆ, ಅದಕ್ಕಿಂತ ಹೆಚ್ಚಿದ್ದರೆ ಏನು ಮಾಡುತ್ತಾರೆ? ಈ ಕೊನೆಯದನ್ನು ಬರೆಸದೆ ಬಿಟ್ಟವರಿಗೆ ಮಾವಿನ ಕಾಲದಲ್ಲೋ ಹಬ್ಬದ ವಾರದಲ್ಲೋ ಜಗಳ ಕಾದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ "ಚಿಪ್ಸ್ ಪ್ಯಾಕೆಟ್ ಕೊನೆಗೆ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿ. ಗೊತ್ತಿರುವವರು ಸಿಮೆಂಟ್ ಕಾರ್ಖಾನೆಯ ಹೆಸರು ಹೇಳಿ ರಸೀದಿ ತೋರಿಸುತ್ತಾರೆ. "ಎಲ್ಲಾ ರೀಸೈಕಲ್ ಆಗುತ್ತೆ ಸಾರ್" ಎನ್ನುವವರನ್ನು ಅಲ್ಲಿಗೇ ಬಿಡಿ.

ವಿಂಗಡಿಸುವವರಿಗೆ ಕೈಗವಸು, ಗುರುತಿನ ಚೀಟಿ, ವಿಮೆ ಇದೆಯೇ ಎಂದೂ ನೋಡಿ. ಅತಿ ಕಡಿಮೆ ಶುಲ್ಕ ಹೇಳುವವರು ಬಹಳ ಸಲ ಉಳಿಸಿರುವುದು ಇಲ್ಲೇ.

ಆ್ಯಪ್‌ನವರು, ಸ್ವಂತ ಮಾರಾಟ

ಆ್ಯಪ್‌ನಲ್ಲಿ ಬುಕ್ ಮಾಡಿದರೆ ಮನೆಗೆ ಬಂದು ತೂಗಿ ದುಡ್ಡು ಹಾಕುವ ಸೇವೆಗಳು ಅರ್ಥದಲ್ಲಿ ಗುಜರಿಯೇ. ದರ ಪಟ್ಟಿ ಮೊದಲೇ ಕಾಣುವುದು, ಡಿಜಿಟಲ್ ತಕ್ಕಡಿ, ದಾಖಲೆ ಇವು ಅನುಕೂಲ. ಕನಿಷ್ಠ ತೂಕದ ಷರತ್ತು ಇರುತ್ತದೆ, ಜೊಳ್ಳು ಮುಟ್ಟುವುದಿಲ್ಲ. ಮನೆ ಬದಲಾಯಿಸುವಾಗ ಒಮ್ಮೆಗೇ ಖಾಲಿ ಮಾಡಲು ಇದು ಒಳ್ಳೆಯದು, ಇಡೀ ಕಟ್ಟಡದ ವಾರದ ವ್ಯವಸ್ಥೆಗೆ ಸಾಲದು.

ಸಂಘವೇ ವಿಂಗಡಿಸಿ ಸಗಟು ವ್ಯಾಪಾರಿಗೆ ನೇರ ಮಾರುವುದು ಕಾಗದದ ಮೇಲೆ ಅತಿ ಲಾಭದ ದಾರಿ. ನಡೆಯಬೇಕಾದರೆ ಮೂರು ಬೇಕು: ಮಳೆ ತಾಗದ, ನೆಲದಿಂದ ಹಲಗೆ ಎತ್ತರಿಸಿದ ಕೋಣೆ; ಇದೇ ಕೆಲಸಕ್ಕೆ ಒಬ್ಬರು; ಲಾರಿ ಬರುವಷ್ಟು ಮಾಲು ಕೂಡಿಡುವ ತಾಳ್ಮೆ. ಸಗಟು ದರ ಸಿಗುವುದು ಟನ್ ಲೆಕ್ಕದಲ್ಲಿ. ಒಂದು ಟನ್ ರಟ್ಟು ಕೂಡುವಷ್ಟರಲ್ಲಿ ಚಿಕ್ಕ ಕಟ್ಟಡದಲ್ಲಿ ಇಲಿ, ಜಿರಳೆ, ಬೆಂಕಿಯ ಭಯ ಎಲ್ಲ ಕೂಡಿರುತ್ತದೆ. ಮುನ್ನೂರು ನಾನೂರು ಮನೆಯಿದ್ದರೆ ಯೋಚಿಸಬಹುದು. ಅದಕ್ಕಿಂತ ಚಿಕ್ಕವರು ಅಕ್ಕಪಕ್ಕದ ಸಂಘಗಳ ಜೊತೆ ಕೂಡಿ ಮಾತ್ರ. ಬೆಂಗಳೂರಿನ ಹೊರಗೆ ಇದೇ ತರ್ಕ ಪಂಚಾಯಿತಿಗಳಿಗೂ ಅನ್ವಯಿಸಿದೆ. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿರುವ ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕಕ್ಕೆ ಹಲವು ಪಂಚಾಯಿತಿಗಳ ಒಣ ಕಸ ಬರುತ್ತದೆ. ಒಂದೊಂದು ಪಂಚಾಯಿತಿಯ ಶೆಡ್ಡಿನಲ್ಲಿ ಬೇಲಿಂಗ್ ಯಂತ್ರ ಹಾಕಿದರೆ ಅದು ವಾರಕ್ಕೊಮ್ಮೆಯೂ ಓಡುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಬಿಡಿ ಮನೆ, ಚಿಕ್ಕ ಕಟ್ಟಡ: ವಾರ್ಡ್ ಕೇಂದ್ರ ಚೆನ್ನಾಗಿದ್ದರೆ ಇಡೀ ಚೀಲ ಅಲ್ಲಿಗೇ. ಪೇಪರನ್ನು ಮಾತ್ರ ಗುಜರಿಗೆ ಮಾರಬೇಕೆನಿಸಿದರೆ ಮಾರಿ, ರಟ್ಟು, ಬಾಟಲಿಗಳನ್ನಾದರೂ ಚೀಲದಲ್ಲಿ ಉಳಿಸಿ. 50ರಿಂದ 300 ಮನೆ: ಗುತ್ತಿಗೆ ಸಂಸ್ಥೆ, ಇಡೀ ಚೀಲ ಒಯ್ಯುವ ಷರತ್ತಿನ ಮೇಲೆ. ಮನೆಯವರು ಪೇಪರನ್ನು ತಾವೇ ಮಾರಿಕೊಳ್ಳುವುದನ್ನು ತಡೆಯಲು ಹೋಗಬೇಡಿ, ಆಗುವುದಿಲ್ಲ. ಅದನ್ನು ಬಿಟ್ಟೇ ದರ ಮಾತಾಡಿ. ಬಜೆಟ್ ತೀರ ಬಿಗಿಯಾಗಿದ್ದರೆ ಗುಜರಿ ಮತ್ತು ಪಾಲಿಕೆ ಗಾಡಿಯ ಜೋಡಿ ನಡೆಯುತ್ತದೆ, ಜೊಳ್ಳಿನ ಹೊಣೆ ಯಾರದೆಂದು ಮೊದಲೇ ನಿಕ್ಕಿ ಮಾಡಿಕೊಂಡಿದ್ದರೆ. ಯಾವುದನ್ನೇ ಒಪ್ಪುವ ಮೊದಲು ಎರಡು ವಾರ ನಿಮ್ಮ ಕಸವನ್ನು ಬಗೆವಾರು ತೂಗಿ ಬರೆದಿಡಿ. ಆ ಹಾಳೆ ಕೈಯಲ್ಲಿದ್ದರೆ ದರದ ಮಾತು ಬೇರೆಯೇ ಆಗುತ್ತದೆ. ಮೊದಲ ಒಪ್ಪಂದ ಮೂರು ತಿಂಗಳಿಗೆ ಸಾಕು.

ಈ ಚೀಲಕ್ಕೆ ಹಾಕಬಾರದ್ದು

ಇ-ತ್ಯಾಜ್ಯಕ್ಕೆ ಮೇಲಿನ ಯಾವ ಹೋಲಿಕೆಯೂ ಅನ್ವಯಿಸುವುದಿಲ್ಲ. ಕೆಟ್ಟ ಕಂಪ್ಯೂಟರಿಗೆ ಗುಜರಿಯವರು ಅಧಿಕೃತ ಸಂಸ್ಥೆಗಿಂತ ಹೆಚ್ಚು ಕೊಡಬಹುದು, ಕಾರಣ ಇಷ್ಟೆ: ವೈರ್ ಸುಟ್ಟು ತಾಮ್ರ ತೆಗೆಯುವುದಕ್ಕೆ, ಆಸಿಡ್‌ನಲ್ಲಿ ಬೋರ್ಡ್ ಅದ್ದುವುದಕ್ಕೆ ಹೊಗೆ ಶುದ್ಧಿ ಮಾಡುವ ಖರ್ಚಿಲ್ಲ. ಆ ಹೊಗೆ ಕುಡಿಯುವವರು ಬೇರೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತರಿಗೇ ಕೊಡಬೇಕು. ಬೆಂಗಳೂರಿಗೆ ಇದು ಕಷ್ಟವಲ್ಲ, ಡಾಬಸ್‌ಪೇಟೆಯಲ್ಲಿ ಅಧಿಕೃತ ಘಟಕ 2005ರಿಂದಲೇ ಇದೆ. ವರ್ಷಕ್ಕೆ ಎರಡು ದಿನ ಗೊತ್ತುಮಾಡಿ ಎಲ್ಲ ಮನೆಯಿಂದ ಒಟ್ಟಿಗೆ ಸಂಗ್ರಹಿಸಿದರೆ ಅಂಥವರು ಗಾಡಿ ಕಳಿಸಲು ಒಪ್ಪುತ್ತಾರೆ. ಹಾರ್ಡ್ ಡಿಸ್ಕ್ ಬಿಚ್ಚಿ ತೂತು ಕೊರೆದು ಕೊಡಿ.

ಪವರ್ ಬ್ಯಾಂಕ್, ಫೋನಿನ ಉಬ್ಬಿದ ಬ್ಯಾಟರಿಗಳಿಗೆ ಮುಚ್ಚಳವಿರುವ ಬೇರೆ ಡಬ್ಬ ಇಡಿ, ತುದಿಗಳಿಗೆ ಟೇಪ್ ಹಚ್ಚಿ. ಇವು ಒಣ ಕಸದ ಚೀಲದಲ್ಲಿ ಸೇರಿ ಗಾಡಿಯಲ್ಲಿ ಅದುಮಿಸಿಕೊಂಡರೆ ಹೊತ್ತಿಕೊಳ್ಳುತ್ತವೆ. ಸುತ್ತ ಇರುವುದೆಲ್ಲ ರಟ್ಟು, ಪ್ಲಾಸ್ಟಿಕ್. ಕಸದ ಕೋಣೆಯ ಬಾಗಿಲಲ್ಲಿ ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರ್ ಇರಲಿ, ಒಳಗಲ್ಲ, ಬಾಗಿಲ ಹೊರಗೆ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ ಮೇಲೆ ದೊಡ್ಡದಾಗಿ "ಗಾಜು" ಎಂದು ಬರೆದು ಬೇರೆಯಾಗಿ ಕೊಡಿ. ಹಳೇ ಬಟ್ಟೆ, ಹಾಸಿಗೆಯನ್ನು ಮಾಮೂಲಿ ಗಾಡಿಯವರು ಒಯ್ಯುವುದಿಲ್ಲ, ಅದಕ್ಕೆ ಬೇರೆ ದಿನ, ಬೇರೆ ದರ ಕೇಳಿ ಒಪ್ಪಂದದಲ್ಲೇ ಸೇರಿಸಿಕೊಳ್ಳಿ.